ಹನ್ನೊಂದು ಗೂಡು, ನಾಲ್ಕು ಊರು

ಪೋಸ್ಟ್ ಆಫೀಸಿನಿಂದ ನಿವೃತ್ತನಾದವನಿಗೆ ಮನೆಯಲ್ಲಿ ಎರಡೇ ಕೆಲಸ. ಯಾರಾದರೂ ಊರಿನ ಹೆಸರು ತೆಗೆದರೆ ಪಿನ್ ಕೋಡ್ ಹೇಳುವುದು, ಯಾರೂ ತೆಗೆಯದಿದ್ದರೂ ಹೇಳುವುದು. ಬೈಲಹೊಂಗಲ 591102, ಕಿತ್ತೂರು 591115, ರಾಮದುರ್ಗ 591123, ಸವದತ್ತಿ 591126. "ರೊಟ್ಟಿ ಎಷ್ಟು ಬಡೀಲಿ ಅಂದ್ರೂ ಆರಂಕಿ ಹೇಳ್ತಾರ" ಎಂದು ನನ್ನ ಹೆಂಡತಿ ಓಣಿಯಲ್ಲೆಲ್ಲ ಸುದ್ದಿ ಮಾಡಿದ್ದಾಳೆ.

ಮೊನ್ನೆ ಸೂಟಿಗೆ ಅಕ್ಕನ ಮಗ ಬಂದಿದ್ದ. ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುತ್ತಾನೆ, ಅಂದರೆ ಅಲ್ಲಿ ಇರುತ್ತಾನೆ. ಲ್ಯಾಪ್‌ಟಾಪ್ ತೆರೆದು ಕೂತವನೇ, "ಮಾಮಾ, ನಿಮ್ಮ ತಲಿಯೊಳಗಿನ ಪಿನ್ ಎಲ್ಲಾ ಇದರಾಗ ಹಾಕಿಬಿಡ್ತೀನ್ರಿ. ಜಾವಾದಾಗ ಹ್ಯಾಶ್‌ಟೇಬಲ್ ಅಂತ ಒಂದು ಕ್ಲಾಸ್ ಐತಿ" ಎಂದ.

"ಕ್ಲಾಸಿಗೂ ನಿನಗೂ ಯಾವಾಗಿಂದ ದೋಸ್ತಿ?"

"ಆ ಕ್ಲಾಸ್ ಅಲ್ರಿ. ಯಾರೋ ಮಾಡಿಟ್ಟ ಕಪಾಟ ಅನ್ಕೋರಿ. ಬಡಿಗತನ ನಮ್ಮದಲ್ಲ. ಲೈಬ್ರರಿಯಿಂದ ತರೋದು, ಪುಟ್ ಅಂದ್ರ ಇಟಗೋತದ, ಗೆಟ್ ಅಂದ್ರ ತಗದ ಕೊಡ್ತದ."

"ಲೈಬ್ರರಿಯಿಂದ ತಂದದ್ದು ವಾಪಸ್ ಕೊಡಬೇಕಲ್ಲೋ?"

ಅವನು ನಗಲಿಲ್ಲ. ಈಗಿನ ಹುಡುಗರು ಮಾಮಂದಿರ ಹಾಸ್ಯಕ್ಕೆ ನಗುವುದನ್ನೇ ಬಿಟ್ಟಿದ್ದಾರೆ.

ಕಪಾಟಿನ ಗುಟ್ಟು ಇಷ್ಟೇ. ಹೊಸ ಹ್ಯಾಶ್‌ಟೇಬಲ್ಲಿನಲ್ಲಿ ಹನ್ನೊಂದು ಗೂಡು, ಸೊನ್ನೆಯಿಂದ ಹತ್ತರವರೆಗೆ. ಪಿನ್ ನಂಬರನ್ನು ಹನ್ನೊಂದರಿಂದ ಭಾಗಿಸಬೇಕು, ಶೇಷ ಎಷ್ಟೋ ಆ ಗೂಡಿಗೆ ಹಾಕಬೇಕು. ಬೇಕೆಂದಾಗ ಮತ್ತೆ ಭಾಗಿಸಿ, ನೆಟ್ಟಗೆ ಅದೇ ಗೂಡಿಗೆ ಕೈ ಹಾಕಬೇಕು. ಮೇಲಿನಿಂದ ಕೆಳಗಿನತನಕ ತಡಕಾಡುವ ಮಾತೇ ಇಲ್ಲ. ಹ್ಯಾಶ್ ಅಂದರೆ ಕೊಚ್ಚುವುದಂತೆ, ಉಳ್ಳಾಗಡ್ಡಿ ಹೆಚ್ಚಿದ ಹಾಗೆ. ಐಬಿಎಂ ಕಂಪನಿಯ ಹಾನ್ಸ್ ಪೀಟರ್ ಲೂನ್ ಎಂಬಾತ 1953ರ ಜನವರಿಯಲ್ಲೇ ಈ ಉಪಾಯವನ್ನು ಕಚೇರಿಯ ಟಿಪ್ಪಣಿಯಲ್ಲಿ ಬರೆದಿದ್ದನಂತೆ. ನಮ್ಮ ಪಿನ್ ಕೋಡ್ ಹುಟ್ಟಿದ್ದು 1972ರ ಆಗಸ್ಟ್ 15ಕ್ಕೆ. ನಾನು ಸರ್ವಿಸ್ ತುಂಬ ಗೂಡುಗಳ ಮುಂದೆ ನಿಂತು ಟಪಾಲು ವಿಂಗಡಿಸಿದೆ. ಅದಕ್ಕೆ ಹ್ಯಾಶ್ ಎಂದು ಹೆಸರಿಡಬೇಕೆಂದು ಹೊಳೆಯಲಿಲ್ಲ, ಹೊಳೆದಿದ್ದರೆ ಪಿಂಚಣಿ ಬೇರೆಯೇ ಇರುತ್ತಿತ್ತು.

ಹುಡುಗನ ಮೇಲೆ ಭರವಸೆ ಸಾಲದೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಬೈಲಹೊಂಗಲಕ್ಕೆ ಶೇಷ 6. ಕಿತ್ತೂರಿಗೆ 8. ರಾಮದುರ್ಗಕ್ಕೆ 5. ಸವದತ್ತಿಗೆ ಮತ್ತೆ 8! ಎರಡರ ಪಿನ್ ನಡುವೆ ಸರಿಯಾಗಿ ಹನ್ನೊಂದೇ ಅಂತರ, ಶೇಷ ಬೇರೆಯಾಗುವುದಾದರೂ ಹೇಗೆ? ಹನ್ನೊಂದು ಗೂಡಿನಲ್ಲಿ ಎಂಟು ಖಾಲಿ ಬಿದ್ದಿವೆ, ಚೆನ್ನಮ್ಮನ ಕೋಟೆ ಮತ್ತು ಯಲ್ಲಮ್ಮನ ಗುಡ್ಡ ಎರಡೂ ಒಂದೇ ಗೂಡಿನಲ್ಲಿ. ಮದುವೆಮನೆಯಲ್ಲಿ ಎಂಟು ಖೋಲಿ ತೆರೆದಿಟ್ಟರೂ ಬೀಗರೆಲ್ಲ ಫ್ಯಾನಿರುವ ಒಂದೇ ಖೋಲಿಯಲ್ಲಿ ಮಲಗುತ್ತಾರಲ್ಲ, ಹಾಗೆ.

"ಜಗಳ ಆಗಂಗಿಲ್ರಿ ಮಾಮಾ. ಒಂದರ ಹಿಂದ ಒಂದು ಸರಪಳಿ ಹಾಕಿ ಇಟಗೋತದ. ಎಂಟು ಊರು ತುಂಬಿ ಒಂಬತ್ತನೇದು ಬಂತಂದ್ರ ಕಪಾಟ ತಾನ ಬೆಳದು ಇಪ್ಪತ್ತಮೂರು ಗೂಡು ಆಗ್ತದ."

ಅದನ್ನೂ ಲೆಕ್ಕ ಹಾಕಿದೆ. ಇಪ್ಪತ್ತಮೂರಾದರೆ ಕಿತ್ತೂರು 15ನೇ ಗೂಡಿಗೆ, ಸವದತ್ತಿ 3ಕ್ಕೆ. ಮನೆ ದೊಡ್ಡದಾದರೆ ವಾರಗಿತ್ತಿಯರೂ ಸುಖವಾಗಿರುತ್ತಾರೆ.

ಆಮೇಲೆ "ಎಲ್ಲಾ ಊರು ಓದಿ ಹೇಳು" ಎಂದು ಯಂತ್ರಕ್ಕೆ ಹೇಳಿಸಿದೆ. ನಾನು ಬರೆಸಿದ್ದು ಬೈಲಹೊಂಗಲ, ಕಿತ್ತೂರು, ರಾಮದುರ್ಗ, ಸವದತ್ತಿ ಎಂದು. ಅದು ಓದಿದ್ದು ಸವದತ್ತಿ, ಕಿತ್ತೂರು, ಬೈಲಹೊಂಗಲ, ರಾಮದುರ್ಗ ಎಂದು. ಕೊನೆಯ ಗೂಡಿನಿಂದ ಮೊದಲಿಗೆ ಬರುವುದು ಅದರ ಚಾಳಿಯಂತೆ, ಒಂದೇ ಗೂಡಿನಲ್ಲಿ ಕೊನೆಗೆ ಬಂದವರೇ ಮೊದಲಂತೆ. ಒಳಮನೆಯಿಂದ ನನ್ನ ಹೆಂಡತಿ, "ಯಲ್ಲಮ್ಮನ್ನ ಕಡೀಕ ಬರಿಸಿದ್ರಿ, ತಾಯಿ ತಾನ ಮುಂದ ಬಂದ್ಲು ನೋಡ್ರಿ" ಎಂದು ಕೈಮುಗಿದಳು. ಜಾವಾದವರಿಗೆ ಇಂಥ ವಿವರಣೆ ಹೊಳೆದಿರಲಿಕ್ಕಿಲ್ಲ. ಬರೆಸಿದ ಸರತಿಯಲ್ಲೇ ಬೇಕೆನ್ನುವವರಿಗೆ ಲಿಂಕ್ಡ್‌ಹ್ಯಾಶ್‌ಮ್ಯಾಪ್ ಎಂಬ ಬೇರೆ ಕಪಾಟಿದೆ.

ಗೂಡು ಸಿಕ್ಕಿತು ನಿಜ, ಗೂಡಿನಲ್ಲಿರುವ ಇಬ್ಬರಲ್ಲಿ ನಮ್ಮವರು ಯಾರು? ಅದಕ್ಕೆ ಈಕ್ವಲ್ಸ್ ಎಂಬ ಇನ್ನೊಂದು ಪ್ರಶ್ನೆ ಕೇಳಬೇಕಂತೆ. ನನಗೆ ನಗು ಬಂತು. ನಮ್ಮ ಕಡೆ ಕಣ್ಣು ಮುಚ್ಚಿ ಕಲ್ಲೆಸೆದರೆ ಅದು ಒಬ್ಬ ಬಸಪ್ಪನಿಗೆ ಬಡಿಯುತ್ತದೆ, ತಪ್ಪಿದರೆ ಯಲ್ಲಪ್ಪನಿಗೆ. ಬರೀ "ಬಸಪ್ಪ" ಎಂದು ಬರೆದ ಪತ್ರ ಓಣಿ ಮುಟ್ಟುತ್ತದೆ, ಮನೆ ಮುಟ್ಟುವುದಿಲ್ಲ. ಅದಕ್ಕೇ ಹಿರಿಯರು ಅಡ್ಡಹೆಸರು ಇಟ್ಟರು. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ಹೂಗಾರ. ಹೊರಗಿನವರಿಗೆ ಸಂತೆಯ ಚೀಟಿಯಂತೆ ಕಾಣುವುದು ನಮ್ಮ ಮತದಾರರ ಪಟ್ಟಿ.

ವಿಳಾಸವೇ ಇಲ್ಲದ ಲಕೋಟೆಯನ್ನೂ ಕೊಟ್ಟು ನೋಡಿದೆವು. ಅದಕ್ಕೆ ಅವರು ನಲ್ ಎನ್ನುತ್ತಾರೆ. ಹ್ಯಾಶ್‌ಟೇಬಲ್ 1996ರ ಮೊದಲ ಜಾವಾದ ಕಾಲದ್ದು, ಹಳೇ ಹೆಡ್‌ಕ್ಲರ್ಕನ ಸ್ವಭಾವ. ನಲ್ ಕಂಡೊಡನೆ ಕೂಗಾಡಿ ಕೆಲಸ ನಿಲ್ಲಿಸಿತು. 1998ರಲ್ಲಿ ಬಂದ ಹ್ಯಾಶ್‌ಮ್ಯಾಪ್ ಎಂಬ ತಮ್ಮ, "ಇರಲಿ ಬಿಡ್ರಿ" ಎಂದು ಅಂಥದೊಂದಕ್ಕೆ ಸೊನ್ನೆಯ ಗೂಡಿನಲ್ಲಿ ಜಾಗ ಕೊಡುತ್ತಾನೆ. ಆದರೆ ಒಂದು ಮಾತು ಅಣ್ಣನಿಗೂ ತಮ್ಮನಿಗೂ ಸಮ. ಒಳಗಿಟ್ಟ ಮೇಲೆ ಗುರುತಿನ ವಸ್ತುವನ್ನೇ ಬದಲಿಸಿದರೆ ಅದು ಸಿಗುವುದಿಲ್ಲ. ಮದುವೆಯಲ್ಲಿ ಹೆಸರು ಬದಲಿಸಿದ ಸೊಸೆಗೆ ತವರಿನವರು ಹಳೇ ಹೆಸರಿನಲ್ಲಿ ಪತ್ರ ಹಾಕಿದರೆ, ಅತ್ತೆ ಬಾಗಿಲಲ್ಲಿ ನಿಂತು "ಅಂಥವರು ಇಲ್ಲಿ ಯಾರೂ ಇಲ್ಲ" ಎನ್ನುತ್ತಿದ್ದರಲ್ಲ, ಅದೇ ಕತೆ.

ಈಗ ನಿಜವಾದ ಪರೀಕ್ಷೆ. ಊರಿನ ಹೆಸರು ಕೊಟ್ಟರೆ ಪಿನ್ ಹೇಳುವ ಇನ್ನೊಂದು ಕಪಾಟು ಮಾಡಿಸಿದೆ. "ಸೌದತ್ತಿ" ಎಂದು ಒತ್ತಿದೆ. ಇಲ್ಲ ಎಂದಿತು. ಹುಡುಗ ಬರೆದದ್ದು "ಸವದತ್ತಿ". "ಕಿತ್ತೂರ" ಎಂದೆ, ಅದೂ ಇಲ್ಲ, ಬಾಲಕ್ಕೆ ಉಕಾರ ಬೇಕಂತೆ. ಕೊನೆಗೆ ಹಳೆಯ ಕಡತವೊಂದರಿಂದ "ಬೈಲಹೊಂಗಲ" ಎತ್ತಿ ಅಂಟಿಸಿದೆ. ಅಕ್ಷರಕ್ಕೆ ಅಕ್ಷರ ಅದೇ, ಆದರೂ ಇಲ್ಲ! ನಾನು ಕೂತ ಊರೇ ಇಲ್ಲ!

ಹುಡುಗ ಅರ್ಧ ತಾಸು ತಲೆ ಕೆರೆದ. ಯುನಿಕೋಡಿನಲ್ಲಿ ಐತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಅದರ ಬಾಲ ಎಂದು ಎರಡಾಗಿಯೂ ಬರೆಯಬಹುದು. "ಹೊ"ದ ಒತ್ವಕ್ಕೂ ಹಾಗೇ ಎರಡು ದಾರಿ. ಎರಡೆರಡ್ಲೆ ನಾಲ್ಕು ಬೈಲಹೊಂಗಲ. ಕಣ್ಣಿಗೆ ಒಂದೇ, ಕಪಾಟಿಗೆ ನಾಲ್ಕು. ಒಳಗಿಡುವ ಮುಂಚೆಯೂ ಕೇಳುವ ಮುಂಚೆಯೂ ನಾರ್ಮಲೈಜರ್ ಎಂಬುದರಿಂದ ಒಂದೇ ರೂಪಕ್ಕೆ ತರಬೇಕಂತೆ. ತಂದಮೇಲೆ ಊರು ಸಿಕ್ಕಿತು. ಸೌದತ್ತಿ ಮಾತ್ರ ಸಿಗಲೇ ಇಲ್ಲ, ಅದನ್ನು ಬೇರೆಯಾಗಿಯೇ ಸೇರಿಸಬೇಕಾಯಿತು.

ನಾನು ಹುಡುಗನಿಗೆ ಹೇಳಿದ್ದು ಇಷ್ಟೇ. "ತಮ್ಮಾ, ನಿನ್ನ ಕಪಾಟ ಕೈ ಚುರುಕು, ಒಪ್ಪಿದೆ. ಖರೆ, ಬೈಲೊಂಗ್ಲ ಅಂತ ಪೆನ್ಸಿಲ್‌ಲೆ ಗೀಚಿದ್ದೂ ನನ್ನ ಕೈಯಾಗ ಊರು ಮುಟ್ಟತಿತ್ತು."

ನೀವೂ ನಿಮ್ಮ ಊರಿನ ಪಿನ್ ಕೋಡನ್ನು ಹನ್ನೊಂದರಿಂದ ಭಾಗಿಸಿ ನೋಡಿರಿ. ಶೇಷ ಐದು ಬಂದರೆ ರಾಮದುರ್ಗದವರು ನಿಮ್ಮ ಖೋಲಿಯವರು. ಆರು ಬಂದರೆ ನಮ್ಮ ಮನೆಗೇ ಬರ್ರಿ. ಎಂಟು ಬಂದವರು ಸ್ವಲ್ಪ ಸರಿದು ಕೂಡ್ರಬೇಕಾದೀತು, ಅಲ್ಲಿ ಆಗಲೇ ಇಬ್ಬರಿದ್ದಾರೆ.