ಮತ್ಸ್ಯವೈದ್ಯ ಮಾಸ್ತರರು

ಮುದ್ದೇಬಿಹಾಳದಿಂದ ನಾರಾಯಣಪುರದ ಕಡೆಗೆ ಹೊರಟವರಿಗೆ ಹಾದಿಯಲ್ಲಿ ದೊರೆಯುವ ನಾಲತವಾಡವು ವೀರೇಶ್ವರ ಶರಣರ ಹೆಸರಿನಿಂದ ಪುನೀತವಾದ ಊರು. ಕೃಷ್ಣೆಯನ್ನು ಕಟ್ಟಿ ನಿಲ್ಲಿಸಿದ ಬಸವಸಾಗರ ಸಮೀಪದಲ್ಲಿಯೇ ಇದ್ದರೂ, ಉಣ್ಣುವ ಹೊತ್ತಿನಲ್ಲಿ ಮೀನಿನ ಹೆಸರೆತ್ತಿದರೆ ರೊಟ್ಟಿ ಅಲ್ಲಿಗೇ ಬಿಟ್ಟು ಏಳುವ ಮನೆತನಗಳಿಗೆ ಇಲ್ಲಿ ಕೊರತೆಯಿಲ್ಲ. ಅಂಥ ಮನೆಗಳ ಪಡಸಾಲೆಗೂ ಈಚೆಗೆ ವಾಸ್ತುಶಾಸ್ತ್ರದ ಬೆನ್ನು ಹತ್ತಿ ಗಾಜಿನ ಪೆಟ್ಟಿಗೆಯೊಂದು ಬಂದು ಕುಳಿತಿತು. ಅದರೊಳಗೆ ಸಂಪತ್ತಿಗೆಂದು ಎಂಟು ಹೊಂಬಣ್ಣದ ಮೀನು, ದೃಷ್ಟಿಪರಿಹಾರಕ್ಕೆಂದು ಒಂದು ಕರಿಯದು. ಮೀನಿನ ಹಿಂದೆಯೇ ಮೀನಿನ ರೋಗ ಬಂದಿತು. ರೋಗವಿದ್ದೆಡೆ ವೈದ್ಯನಿಲ್ಲದಿರುವುದು ನಮ್ಮ ಸೀಮೆಯಲ್ಲಿ ಎಂದೂ ಆದದ್ದಲ್ಲ. ಹೀಗೆ ಆವಿರ್ಭವಿಸಿದವರೇ ಮತ್ಸ್ಯವೈದ್ಯ ಮಾಸ್ತರರು.

ಇಂಥವರೇ ಎಂದು ಬೆರಳು ಮಾಡಿ ತೋರಿಸಬೇಕಾಗಿಲ್ಲ. ಸಿಂದಗಿಯಲ್ಲಿ, ಇಂಡಿಯಲ್ಲಿ, ಬಸವನ ಬಾಗೇವಾಡಿಯಲ್ಲಿ ಹುಡುಕಿದರೂ ಇವರ ಅವತಾರವೊಂದು ಸಿಕ್ಕೇ ಸಿಗುವುದು. ಪಿಂಚಣಿಯಾಗುವವರೆಗೆ ಗಣಿತ ಕಲಿಸಿ, ಆಮೇಲೆ ಕೆಲಕಾಲ ಜಾತಕ ನೋಡಿ, ತೆಂಗಿನಕಾಯಿ ಹಿಡಿದು ಬೋರಿನ ಜಾಗ ತೋರಿಸಿ, ಹೋಮಿಯೋಪತಿಯ ಸಕ್ಕರೆ ಗುಳಿಗೆ ಹಂಚಿ, ಈ ಎಲ್ಲ ವಿದ್ಯೆಗಳಲ್ಲಿಯೂ ಗಿರಾಕಿಗಳು ಎದುರುತ್ತರ ಕೊಡುವರೆಂಬ ಬೇಸರದಿಂದ ಕಡೆಗೆ ಮಾತಾಡದ ರೋಗಿಯನ್ನು ಆಯ್ದುಕೊಂಡವರು ಇವರು. ಮೆಥಿಲೀನ್ ಬ್ಲೂ ಎಂಬ ನೀಲಿ ಔಷಧದ ಸೀಸೆ ಸದಾ ಜೇಬಿನಲ್ಲಿರುವುದರಿಂದ ಬಲಗೈಯ ಬೆರಳೆಲ್ಲ ನೀಲಿ. ಚುನಾವಣೆಯ ದಿನ ಮೈಸೂರಿನ ಶಾಯಿಯಿಂದ ಇವರ ಎಡಗೈಗೆ ಗುರುತು ಹಾಕುವ ಅಧಿಕಾರಿ ಬಲಗೈಯನ್ನು ಸಂಶಯದಿಂದ ನೋಡದೆ ಬಿಟ್ಟದ್ದಿಲ್ಲ.

ಮಾಸ್ತರರ ರೋಗಪರೀಕ್ಷೆಯನ್ನು ನೋಡಿಯೇ ತಿಳಿಯಬೇಕು. ಪೆಟ್ಟಿಗೆಯ ಮುಂದೆ ಮಂಡಿಯೂರಿ, ಚಸ್ಮಾ ಹಣೆಗೇರಿಸಿ, ಮೂಗು ಗಾಜಿಗೆ ತಾಗುವಷ್ಟು ಬಾಗಿ ಮೀನನ್ನು ದಿಟ್ಟಿಸುವರಾದರೂ, ಪ್ರಶ್ನೆಗಳೆಲ್ಲ ಹಿಂದೆ ನಿಂತ ಯಜಮಾನರಿಗೆ.

“ಕಲ್ಲಿಗೆ ಮೈ ತಿಕ್ಕತೈತೇನ್ರಿ?”

“ಹೌದ್ರಿ.”

“ರೆಕ್ಕಿ ಮುದುಡಿ ಕೂಡತೈತೇನು?”

“ನಿನ್ನೆಯಿಂದ ಹಂಗ ಮಾಡಾಕತ್ತೈತ್ರಿ.”

“ಹೊಸಾ ಮೀನ ತಂದ ಸೀದಾ ಇದರಾಗ ಬಿಟ್ಟವರು ಯಾರು?”

ಯಜಮಾನರು ಮಗನನ್ನು ನೋಡುವರು. ಮಗ ಕಿಟಕಿಯ ಹೊರಗೆ ನೋಡುವನು. ವಿಜಯಪುರದಿಂದ ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ, ಬಸ್ಸಿನ ಕಿಟಕಿಯ ಬಿಸಿಲಿನಲ್ಲಿ ಬಂದ ಹೊಸ ಅತಿಥಿಯನ್ನು ಎರಡು ವಾರ ಬೇರೆ ಬಕೀಟಿನಲ್ಲಿ ಇಡಬೇಕೆಂಬ ಮಾಸ್ತರರ ವಿಧಿಯನ್ನು ಈ ಊರಿನಲ್ಲಿ ಪಾಲಿಸಿದವರಿಲ್ಲ.

ಮೈಮೇಲೆ ರವೆ ಸಿಂಪಡಿಸಿದಂತೆ ಬಿಳಿಯ ಕಾಳು ಕಂಡಿತೆಂದರೆ ಮಾಸ್ತರರ ಮುಖ ಅರಳುವುದು. ಇದು ಅವರ ಇಷ್ಟರೋಗ. “ಇಕ್ತಿಯೋಫ್ತಿರಿಯಸ್ ಮಲ್ಟಿಫಿಲಿಸ್” ಎಂದು ಸಹಸ್ರನಾಮದ ಧಾಟಿಯಲ್ಲಿ ಉಚ್ಚರಿಸಿ, ಈ ಪರೋಪಜೀವಿಗೆ ಫ್ರಾನ್ಸಿನ ಫುಕೆ ಎಂಬಾತ 1876ರಲ್ಲಿ ನಾಮಕರಣ ಮಾಡಿದನೆಂದೂ, ಅದೇ ವರ್ಷ ಜರ್ಮನಿಯ ಹೈನ್ರಿಕ್ ಕಾರೋ ಮೆಥಿಲೀನ್ ಬ್ಲೂ ತಯಾರಿಸಿದನೆಂದೂ, ರೋಗವನ್ನೂ ಔಷಧವನ್ನೂ ಒಂದೇ ವರ್ಷದಲ್ಲಿ ಕರುಣಿಸಿದ ಭಗವಂತನ ಲೀಲೆ ಅಗಾಧವೆಂದೂ ಹೇಳುವರು. ಕಾರೋ ಮಹಾಶಯನು ತಯಾರಿಸಿದ್ದು ಅರಿವೆಗೆ ಹಾಕುವ ಬಣ್ಣವನ್ನೆಂಬುದನ್ನು ಅವರು ಹೇಳುವುದಿಲ್ಲ; ನಾನೂ ಕೇಳಿಲ್ಲ.

ವೈದ್ಯನ ಕೀರ್ತಿಗೆಂದೇ ಹುಟ್ಟಿದ ರೋಗವೊಂದು ಜಗತ್ತಿನಲ್ಲಿದ್ದರೆ ಅದು ಇದೇ ಎಂದು ನನ್ನ ಅಭಿಮತ. ಮೀನಿನ ಚರ್ಮದಡಿಯಲ್ಲಿ ಅಡಗಿ ಕುಳಿತ ಕ್ರಿಮಿಯನ್ನು ಯಾವ ನೀಲಿಯೂ ಮುಟ್ಟಲಾರದು. ಅದು ಉಂಡು ಬಲಿತು, ತನ್ನಷ್ಟಕ್ಕೆ ತಾನೇ ಕಳಚಿ ತಳಕ್ಕಿಳಿದು, ಕೋಶ ಕಟ್ಟಿ, ಒಂದು ನೂರಾರಾಗಿ ಒಡೆದು, ಆ ಮರಿಗಳು ಹೊಸ ಮೀನನ್ನರಸುತ್ತ ಈಜುವಾಗ ಮಾತ್ರ ಔಷಧ ತಾಗುವುದು. ಶೀತದೇಶಗಳಲ್ಲಿ ವಾರಗಟ್ಟಲೆ ಹಿಡಿಯುವ ಈ ಚಕ್ರ ನಮ್ಮ ಬೆಚ್ಚನೆಯ ನೀರಿನಲ್ಲಿ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಆದಕಾರಣ ಮಾಸ್ತರರು ಸೋಮವಾರ ಹನಿ ಹಾಕಿದರೆ ಗುರುವಾರದ ಹೊತ್ತಿಗೆ ಕಾಳೆಲ್ಲ ಮಾಯ. ಮನೆಯವರು ಶಾಲು ಹೊದಿಸಿ ಕಾಯಿ ಕೊಡುವರು. ಮುಂದಿನ ವಾರ ಒಂದಿದ್ದ ಕಡೆ ನೂರು ಕಾಳು ಮೂಡಿದಾಗ, “ಔಷಧ ನಿಲ್ಲಸಬ್ಯಾಡ್ರಿ ಅಂತ ಬಡಕೊಂಡಿದ್ನೆಲ್ಲ!” ಎಂದು ಅವರೇ ಗುಡುಗುವರು. ಅವರು ನಿಜವಾಗಿಯೂ ಹಾಗೆ ಹೇಳಿದ್ದರೆಂಬುದೂ, ಆ ಮಾತು ಶಾಸ್ತ್ರಸಮ್ಮತವೇ ಎಂಬುದೂ ಈ ಪ್ರಕರಣದ ಸೊಗಸು. ನಡುವಿನ ಶಾಲನ್ನು ಮಾತ್ರ ಯಾರೂ ಹಿಂದಕ್ಕೆ ಕೇಳಿಲ್ಲ.

ಬೇಸಿಗೆಯಲ್ಲಿ ಈ ರೋಗ ಅಪರೂಪ. ನೀರು ಮೂವತ್ತು ಡಿಗ್ರಿ ದಾಟಿದರೆ ಕ್ರಿಮಿಯ ಸಂತಾನವೃದ್ಧಿ ಕುಂದುವುದರಿಂದ, ನಮ್ಮ ವೈಶಾಖದ ಬಿಸಿಲು ಬಿಟ್ಟಿ ಚಿಕಿತ್ಸೆ ಮಾಡುತ್ತದೆ. ಆದರೆ ಕಾದ ನೀರಿನಲ್ಲಿ ಪ್ರಾಣವಾಯು ಕಡಿಮೆ. ಕರೆಂಟು ಹೋಗಿ ಗುಳುಗುಳು ನಿಂತಿತೋ, ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ಬಿಡುವುವು. ಆಗ ಮಾಸ್ತರರು ಚೊಂಬಿನಿಂದ ನೀರೆತ್ತಿ ಎತ್ತರದಿಂದ ಹೊಯ್ಯುತ್ತ ನಿಲ್ಲುವ ಭಂಗಿಯನ್ನು ರುದ್ರಾಭಿಷೇಕವೆಂದೇ ಭ್ರಮಿಸಿ ಕೈಮುಗಿದವರುಂಟು.

ಶಾಸ್ತ್ರಾಧಾರ ಕೇಳಿದರೆ ಅದಕ್ಕೂ ಸಿದ್ಧ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಭಾಗವಿದೆಯೆಂದೂ, ಯಾವ ಮೀನಿಗೆ ಯಾವ ಆಹಾರವೆಂದು ಆ ಅರಸನು ಹನ್ನೆರಡನೆಯ ಶತಮಾನದಲ್ಲಿಯೇ ಬರೆಯಿಸಿಟ್ಟನೆಂದೂ ಅವರು ವಾದಿಸುವರು. ಮಾತು ಸರಿಯೇ. ಆದರೆ ದೊರೆಗೆ ಬೇಕಾಗಿದ್ದದ್ದು ಮೀನಿನ ಆರೋಗ್ಯವಲ್ಲ, ಮೀನು ಗಾಳಕ್ಕೆ ಬೀಳುವುದು.

ಇಷ್ಟೆಲ್ಲ ಮಾಡಿಯೂ ರೋಗಿ ಸತ್ತರೆ? ಅದಕ್ಕೆ ವಾಸ್ತುವೇ ವೈದ್ಯರ ರಕ್ಷಣೆಗೆ ಧಾವಿಸುವುದು. ಮನೆಗೆ ಬರಲಿದ್ದ ಕಂಟಕವನ್ನು ಮೀನು ತನ್ನ ಮೇಲೆ ಎಳೆದುಕೊಂಡಿತೆಂದು ಯಜಮಾನರೇ ಸಮಾಧಾನಪಡುವರು. ಬದುಕಿದರೆ ಕೈಗುಣ, ಸತ್ತರೆ ಮನೆಯ ಪುಣ್ಯ. ಇಂಥ ಅನುಕೂಲ ಧನ್ವಂತರಿಗೂ ಇದ್ದಂತೆ ಕಾಣೆ.

ಮಾಸ್ತರರು ಸೋಲುವುದು ಒಬ್ಬರಿಗೆ ಮಾತ್ರ: ಮನೆಯ ಯಜಮಾನಿಗೆ. ಅಮವಾಸ್ಯೆ ಬಂತೆಂದರೆ ಆ ತಾಯಿ ತಾಮ್ರದ ಕೊಡಗಳ ಸಾಲಿನಲ್ಲಿಯೇ ಗಾಜಿನ ಪೆಟ್ಟಿಗೆಯನ್ನೂ ಇಳಿಸಿ, ನೀರನ್ನೆಲ್ಲ ತುಳಸಿಕಟ್ಟೆಗೆ ಸುರಿದು, ಕಲ್ಲುಗಳನ್ನು ತಿಕ್ಕಿ, ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ಹಿಂಡಿ ಬೆಳ್ಳಗೆ ಮಾಡುವರು. ಆ ಜಿಡ್ಡಿನಲ್ಲಿಯೇ ಮೀನಿನ ಮಲದ ಅಮೋನಿಯಾ ವಿಷವನ್ನು ತಿಂದು ಹಗುರ ಮಾಡುವ ಸೂಕ್ಷ್ಮಾಣುಗಳು ಮನೆ ಮಾಡಿಕೊಂಡಿರುತ್ತವೆ, ಮೂರರಲ್ಲೊಂದು ಪಾಲು ನೀರನ್ನಷ್ಟೇ ಬದಲಿಸಿದರೆ ಸಾಕು, ಸ್ಪಂಜನ್ನು ಅದೇ ಹಳೆಯ ನೀರಿನಲ್ಲಿ ಅದ್ದಿ ತೆಗೆಯಬೇಕು ಎಂದು ಮಾಸ್ತರರು ಗದ್ಗದಕಂಠದಿಂದ ವಿವರಿಸಿದರು.

“ಹೊಲಸು ಇರಬೇಕಂತೀರೇನ್ರಿ, ನಮ್ಮನ್ಯಾಗ?” ಎಂದರು ಆಕೆ.

ಮಾಸ್ತರರು ಚಹಾ ಕುಡಿದು ಮುಗಿಸಿ, ಗೋಡೆಯ ಪಂಚಾಂಗದಲ್ಲಿ ಮುಂದಿನ ಅಮವಾಸ್ಯೆಯನ್ನು ನೋಡಿ, ಅದರ ಮರುದಿನಕ್ಕೆ ತಮ್ಮ ಭೇಟಿಯನ್ನು ಡೈರಿಯಲ್ಲಿ ಗುರುತು ಹಾಕಿಕೊಂಡು ಎದ್ದರು.