ಬ್ಯಾಚ್ ನಂಬರ್ ಮೇಷ್ಟ್ರು

ಇಂಥವರು ಊರಿಗೊಬ್ಬರು ಇದ್ದೇ ಇರುತ್ತಾರೆ. ನಮ್ಮೂರು ಆತಗೂರಿನ ಪಾಲಿಗೆ ಬಂದವರು ನಮ್ಮ ರಿಟೈರ್ಡ್ ಮೇಷ್ಟ್ರು. ಪಕ್ಕದ ಬೀದಿಯ ಮದುವೆ ಮರೆತಾರು, ಯಾವ ದೇಶದಲ್ಲಿ ಯಾವ ಕಂಪನಿ ಯಾವ ತಿನಿಸನ್ನು ಅಂಗಡಿಯಿಂದ ವಾಪಸ್ ತೆಗೆಸಿತು ಅನ್ನೋದನ್ನು ಮಾತ್ರ ಮರೆಯರು.

ಈ ಗೀಳು ಹತ್ತಿದ್ದು 2015ರ ಜೂನ್‌ನಲ್ಲಿ. ಸೀಸದ ಅಂಶ ಹೆಚ್ಚಿದೆಯೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಮ್ಯಾಗಿ ವಾಪಸ್ ಪಡೆಯಲು ಹೇಳಿದಾಗ, ಶೆಟ್ಟರಂಗಡಿಯ ಮುಂದೆ ಕೊನೇ ಪೊಟ್ಟಣ ಒಳಗೆ ಹೋಗುವ ತನಕ ಕಾವಲು ನಿಂತವರು ಇವರು. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ನಿಷೇಧ ರದ್ದು ಮಾಡಿತು, ಮರುಪರೀಕ್ಷೆಯಾಯಿತು, ನವೆಂಬರ್‌ಗೆ ಮ್ಯಾಗಿ ಮತ್ತೆ ಬಂತು. ಮೇಷ್ಟ್ರು ಮಾತ್ರ ತೀರ್ಪನ್ನು ಇನ್ನೂ ಕಾಯ್ದಿರಿಸಿದ್ದಾರೆ.

2024 ಅವರಿಗೆ ಸುಗ್ಗಿ. ಮಾರ್ಚ್‌ನಲ್ಲಿ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗೆ ರೋಡಮೈನ್-ಬಿ ಬಣ್ಣ ಹಾಕಬಾರದೆಂದು ರಾಜ್ಯ ಸರ್ಕಾರ ಹೇಳಿತು; ಜೂನ್‌ನಲ್ಲಿ ಕಬಾಬಿಗೂ ಕೃತಕ ಬಣ್ಣ ಬೇಡ ಎಂದಿತು. ಮೇಷ್ಟ್ರು ಕಬಾಬ್ ಗಾಡಿಯ ಮುಂದೆ ನಿಂತು, ಒಂದು ತುಂಡನ್ನು ಬಿಳಿ ಪಂಚೆಯ ಅಂಚಿಗೆ ಉಜ್ಜಿ ನೋಡಿದರು. ಪಂಚೆ ಕೆಂಪಾಯಿತು. ಮನೆಯಲ್ಲಿ ಯಜಮಾನ್ತಿ ಅದಕ್ಕಿಂತ ಕೆಂಪಾದರು. ಜುಲೈನಲ್ಲಿ ಬೆಂಗಳೂರು ಸ್ಟೇಷನ್ನಿಗೆ ರೈಲಿನಲ್ಲಿ ಬಂದ ಮಾಂಸ ನಾಯಿಯದ್ದೆಂದು ಗುಲ್ಲೆದ್ದಾಗ ಸಿಕ್ಕ ಗ್ರೂಪಿಗೆಲ್ಲ ಹಾಕಿದರು. ಅದು ಕುರಿಯದ್ದೇ ಎಂದು ಲ್ಯಾಬ್ ವರದಿ ಬಂದಾಗ ಅವರ ಡೇಟಾ ಖಾಲಿಯಾಗಿತ್ತು.

ಅದೇ ಜುಲೈ ಕೊನೆಗೆ ಅಮೆರಿಕದಿಂದ ದೊಡ್ಡ ಸುದ್ದಿ: ಬೋರ್ಸ್ ಹೆಡ್ ಕಂಪನಿ ಸುಮಾರು 70 ಲಕ್ಷ ಪೌಂಡ್ ಡೆಲಿ ಮಾಂಸ ವಾಪಸ್ ಕರೆಸಿಕೊಂಡಿತು. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾದಿಂದ ಕೊನೆಗೆ ಹತ್ತು ಜನ ಸತ್ತರು. ಡೆಲಿ ಮಾಂಸ ಅಂದರೆ ಬೇಯಿಸಿ, ಆರಿಸಿ, ಹಾಳೆಯಂತೆ ಕೊಯ್ದು, ತಣ್ಣಗೇ ಬ್ರೆಡ್ಡಿನೊಳಗೆ ಇಟ್ಟು ತಿನ್ನುವುದು. ಸಾಹಿತ್ಯ ಸಮ್ಮೇಳನದಲ್ಲೂ ಬಾಡೂಟ ಹಾಕಿ ಎಂದು ಪಟ್ಟು ಹಿಡಿದ ಜಿಲ್ಲೆ ನಮ್ಮದು; ಬಾಡನ್ನು ತಣ್ಣಗೆ ತಿನ್ನೋದು ಇಲ್ಲಿ ರೋಗಕ್ಕಿಂತ ದೊಡ್ಡ ಅಪರಾಧ.

ಮೇಷ್ಟ್ರ ಮಗಳು ನ್ಯೂಜೆರ್ಸಿಯಲ್ಲಿ, ಐದು ತಿಂಗಳ ಬಸುರಿ. ಲಿಸ್ಟೀರಿಯಾ ಬಸುರಿಯರಿಗೆ ಅಪಾಯ ಎಂದು ಓದಿದ್ದೇ ತಡ, ಅಲ್ಲಿನ ನಡುರಾತ್ರಿಗೆ ಫೋನು.

“ಅಪ್ಪಾ, ಪ್ಯಾಕೆಟ್ಟಿನ ನಂಬರ್, ತಾರೀಕು ಎರಡೂ ನೋಡ್ದೆ. ಲಿಸ್ಟಲ್ಲಿತ್ತು, ಕವರ್ ಕಟ್ಟಿ ಎಸೆದೆ. ಫ್ರಿಜ್ಜನ್ನೂ ಸೋಪಿನ ನೀರಲ್ಲಿ ತೊಳೆದೆ. ತಿಂದಿಲ್ಲ, ಆದ್ರೂ ಡಾಕ್ಟರಿಗೆ ಹೇಳಿದೀನಿ. ಇನ್ನು ಮಲಗ್ಲಾ?”

ಹೇಳಬೇಕೆಂದಿದ್ದ ಅಷ್ಟನ್ನೂ ಅವಳೇ ಮಾಡಿ ಮುಗಿಸಿದ್ದಳು. ಮಿಕ್ಕ ಪಾಠವನ್ನು ಮೇಷ್ಟ್ರು ಅಡುಗೆಮನೆಗೆ ತಂದರು. “ನೋಡೇ, ಬೇರೆ ಬಹಳಷ್ಟು ಕ್ರಿಮಿ ಫ್ರಿಜ್ಜಲ್ಲಿ ಸುಮ್ನಿರ್ತವೆ. ಇದು ಚಳೀಲೂ ಬೆಳೆಯುತ್ತೆ! 74 ಡಿಗ್ರಿಗೆ ಕಾಯಿಸಿದ್ರೆ ಸಾಯುತ್ತೆ.”

“ಅದಕ್ಕೇ ನಾನು ಕುದಿಸ್ತಿರೋದು. ಪಕ್ಕಕ್ಕೆ ಸರೀರಿ,” ಎಂದರು ಯಜಮಾನ್ತಿ, ನಿನ್ನೆಯ ನಾಟಿಕೋಳಿ ಸಾರಿಗೆ ಸೌಟು ಹಾಕುತ್ತಾ. ಮಾರನೇ ದಿನದ ಸಾರಿಗೇ ರುಚಿ ಎಂದು ಆ ಸಾರನ್ನು ಎತ್ತಿಡಿಸಿದವರು ಯಾರೆಂದು ಬೇರೆ ಹೇಳಬೇಕಿಲ್ಲ.

ಮುಂದಿನ ಹೊಸತೊಡಕಿಗೆ ಮೇಷ್ಟ್ರು ಗುಡ್ಡೆಬಾಡು ಹಾಕುವಲ್ಲಿಗೂ ಹೋದರು. ಬಾಳೆಎಲೆ ಮೇಲೆ ಸಾಲಾಗಿ ಗುಡ್ಡೆ. ಪ್ರತಿ ಗುಡ್ಡೆಗೂ ಒಂದಿಷ್ಟು ಈಲಿ, ಒಂದಿಷ್ಟು ಮೂಳೆ. ಕನ್ನಡಕ ಏರಿಸಿ ಕೇಳಿದರು: “ಇದರ ಬ್ಯಾಚ್ ನಂಬರ್ ಏನಯ್ಯ? ನಾಳೆ ಹೆಚ್ಚುಕಮ್ಮಿಯಾದ್ರೆ ಎಲ್ಲಿಂದ ಬಂತು ಅಂತ ಗೊತ್ತಾಗ್ಬೇಕಲ್ಲ?”

ಕತ್ತಿ ಹಿಡಿದವನು ತಲೆಯೆತ್ತಲಿಲ್ಲ. “ನಂಬ್ರು ಯಾಕೆ ಮೇಷ್ಟ್ರೇ? ಹೋದ ತಿಂಗಳು ನಿಮ್ ಹಿತ್ಲಿಗೆ ನುಗ್ಗಿ ಅವರೆ ಬಳ್ಳಿನೆಲ್ಲ ಮೇಯ್ದಿತ್ತಲ್ಲ, ನೀವೇ ದೊಣ್ಣೆ ಹಿಡ್ಕಂಡು ಕೆರೆ ಏರಿ ಗಂಟ ಅಟ್ಟಿಸ್ಕಂಡು ಹೋಗಿದ್ರಲ್ಲ, ಅದೇ ಟಗರು ಇದು.”

ಒಂದು ಗುಡ್ಡೆಗೆಂದು ಬಂದಿದ್ದ ಮೇಷ್ಟ್ರು ಎರಡು ಗುಡ್ಡೆ ಕಟ್ಟಿಸಿಕೊಂಡು ಹೋದರು.