ಜೀಪೋದ್ಧಾರ ಮೀಮಾಂಸೆ

ಯಾವ ಶಾಸ್ತ್ರ ಬರೆದರೂ ಮೊದಲು ಅನುಬಂಧ ಚತುಷ್ಟಯ ಹೇಳಬೇಕೆಂಬುದು ಪೂರ್ವಾಚಾರ್ಯರ ಕಟ್ಟಳೆ: ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ. ಪ್ರಸ್ತುತ ಶಾಸ್ತ್ರದ ವಿಷಯ ಹಳೆಯ ಜೀಪಿನ ಉದ್ಧಾರ. ಅಧಿಕಾರಿ ಯಾರೆಂದರೆ, ಕಬ್ಬಿನ ಬಿಲ್ಲು ಖಾತೆಗೆ ಜಮೆಯಾದ ಸುದ್ದಿ ಇನ್ನೂ ಅಡುಗೆಮನೆಗೆ ಮುಟ್ಟದ ಗೃಹಸ್ಥ. ಸಂಬಂಧವೆಂದರೆ ಆತನಿಗೂ ಗ್ಯಾರೇಜಿನ ಮಿಸ್ತ್ರಿಗೂ ಇರುವ ಉದ್ರಿಯ ಸಂಬಂಧ. ಬೀಗತನ ಹರಿದೀತು, ಇದು ಹರಿಯದು. ಪ್ರಯೋಜನದ ವಿಚಾರದಲ್ಲಿ ಮಾತ್ರ ಎಲ್ಲ ಆಚಾರ್ಯರೂ ಏಕಮತ: ಇಲ್ಲ.

ಗೋಕಾಕ ಸೀಮೆಯ ಮಮದಾಪುರವನ್ನೇ ಕ್ಷೇತ್ರವಾಗಿ ಏಕೆ ಆರಿಸಿದಿರಿ ಎಂದು ಪೂರ್ವಪಕ್ಷಿಗಳು ಕೇಳಬಹುದು. ನಾಲ್ಕೂ ಗಾಲಿಗೆ ಬಲ ಹೋಗುವ ವಾಹನದ ನಿಜವಾದ ಪರೀಕ್ಷೆ ನಡೆಯಬೇಕಾದದ್ದು ಮಳೆ ಬಿದ್ದ ಎರೆಮಣ್ಣಿನಲ್ಲಿ. ಹದ ಮಳೆಯಾದ ಮೇಲೆ ಎರೆಹೊಲದ ದಾರಿಗಿಳಿದ ಜೀಪಿನ ಹಿಂದಿನ ಎರಡು ಗಾಲಿ ಮೊದಲು ಹುಗಿಯುತ್ತವೆ. ಆಗ ಮಾಲೀಕ ಗಂಭೀರವಾಗಿ ಸಣ್ಣ ಗೇರಿನ ದಾಂಡು ಎಳೆದು ಮುಂದಿನ ಎರಡಕ್ಕೂ ಬಲ ಕೊಡುತ್ತಾನೆ. ಈಗ ನಾಲ್ಕೂ ಹುಗಿಯುತ್ತವೆ. ಬಳಿಕ ಟ್ರ್ಯಾಕ್ಟರ್ ಬರುತ್ತದೆ. ಸಾದಾ ಗಾಡಿಗಿಂತ ಜೀಪು ಹೊಲದೊಳಗೆ ಇನ್ನಷ್ಟು ದೂರ ಹೋಗಿ ಸಿಕ್ಕಿಬೀಳುವುದರಿಂದ ಹಗ್ಗ ಉದ್ದ ಬೇಕಾಗುತ್ತದೆ. ಇಂಥ ಪ್ರಯೋಗಶಾಲೆ ಇರುವಾಗ ಬೇರೆ ಕ್ಷೇತ್ರ ಹುಡುಕುವುದು ಪಾಂಡಿತ್ಯದ ಲಕ್ಷಣವಲ್ಲ.

ಇನ್ನು ಐತಿಹ್ಯ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಬೇಡಿದಷ್ಟು ಜೀಪನ್ನು ವಿಲ್ಲಿಸ್ ಕಂಪನಿಯೊಂದೇ ಪೂರೈಸಲಾಗದ್ದರಿಂದ ಅದೇ ನಕ್ಷೆಯ ಮೇಲೆ ಫೋರ್ಡ್ ಕೂಡ ಮಾಡಿತು. ಎರಡೂ ಕಂಪನಿ ಸೇರಿ ಹೊರತಂದದ್ದು ಸುಮಾರು 6,40,000. ಒಂದರ ಬಿಡಿಭಾಗ ಇನ್ನೊಂದಕ್ಕೆ ಕೂರಲೇಬೇಕೆಂಬುದು ಸೈನ್ಯದ ಕರಾರು. ಅಂದರೆ ‘ಇದು ಯಾರ ಕೈಕಾಲು’ ಎಂಬ ಪ್ರಶ್ನೆ ಜೀಪಿನ ಜಾತಕದಲ್ಲೇ ಇದೆ. ಫೋರ್ಡ್ ಮಾತ್ರ ತನ್ನ ಬೋಲ್ಟುಗಳ ತಲೆಯ ಮೇಲೂ ‘ಎಫ್’ ಅಕ್ಷರ ಒತ್ತಿಸಿತ್ತು. ಜಗತ್ತಿನಾದ್ಯಂತ ಈ ಶಾಸ್ತ್ರದ ಮೂಲವಾದಿ ಪಂಥದವರು ಇಂದಿಗೂ ಗುಜರಿ ರಾಶಿಯಲ್ಲಿ ಮಂಡಿಯೂರಿ ‘ಎಫ್’ ಬೋಲ್ಟು ಹೆಕ್ಕುತ್ತಾರೆ. ತಾಳೆಗರಿಯಲ್ಲಿ ಪಾಠಾಂತರ ಹುಡುಕುವವರಿಗೆ ವಿಶ್ವವಿದ್ಯಾಲಯ ಸಂಬಳ ಕೊಡುತ್ತದೆ. ಇವರಿಗೆ ಕೊಡುವುದಿಲ್ಲ ಎಂಬುದೊಂದೇ ವ್ಯತ್ಯಾಸ.

ನಮ್ಮ ದೇಶದ ಜೀಪಿನ ಪರಂಪರೆ ಇನ್ನೂ ಸ್ವಾರಸ್ಯದ್ದು. 1945ರಲ್ಲಿ ಹುಟ್ಟಿದ ಕಂಪನಿಯ ಹೆಸರು ಮಹೀಂದ್ರ ಅಂಡ್ ಮೊಹಮ್ಮದ್. ದೇಶ ಇಬ್ಭಾಗವಾದಾಗ ಪಾಲುದಾರ ಗುಲಾಮ್ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿಯ ಮೊದಲ ಹಣಕಾಸು ಮಂತ್ರಿಯಾದರು, ಮುಂದೆ ಗವರ್ನರ್ ಜನರಲ್ ಆದರು. 1948ರಲ್ಲಿ ಕಂಪನಿ ಮಹೀಂದ್ರ ಅಂಡ್ ಮಹೀಂದ್ರ ಆಯಿತು. ಹೀಗಾಗಿ ಭಾರತದ ಜೀಪಿನಲ್ಲಿ ಮೊಟ್ಟಮೊದಲು ಬದಲಾದ ಬಿಡಿಭಾಗ ಕಂಪನಿಯ ಎರಡನೇ ‘ಎಂ’ ಎಂಬುದು ನಮ್ಮ ಸಿದ್ಧಾಂತ. ಅಳತೆ ಅದೇ, ಮಾಲು ಬೇರೆ, ಸರಿಯಾಗಿ ಕೂತಿದೆ. ಮಮದಾಪುರದ ಮಿಸ್ತ್ರಿ ಇಂದಿಗೂ ಅನುಸರಿಸುವ ವಿಧಾನ ಇದೇ.

ಅಮೆರಿಕದಲ್ಲಿ 1953ರಲ್ಲಿ ಬಂದ ಮಾದರಿಯಲ್ಲಿ ಎಂಜಿನ್ನಿನ ಇನ್‌ಟೇಕ್ ವಾಲ್ವುಗಳು ಬ್ಲಾಕಿನಿಂದ ಮೇಲೆದ್ದು ಹೆಡ್ಡಿಗೆ ಹೋದವು. ಎಂಜಿನ್ ಎತ್ತರವಾಯಿತು, ಅದನ್ನು ಮುಚ್ಚಲು ಬಾನೆಟ್ ಎತ್ತರವಾಯಿತು, ಬಾನೆಟ್ಟಿನ ಮೇಲಿಂದ ರಸ್ತೆ ನೋಡಲು ಚಾಲಕನ ಕುತ್ತಿಗೆ ಎತ್ತರವಾಯಿತು. ಮಹೀಂದ್ರ ದಶಕಗಟ್ಟಲೆ ಮಾಡಿದ್ದು ಈ ಮಾದರಿಯನ್ನೇ. ಯುದ್ಧಕಾಲದ ಗಿಡ್ಡ ಬಾನೆಟ್ಟಿನವರು ಎತ್ತರದವರನ್ನು ಜೀಪಿನವರೆಂದೇ ಒಪ್ಪುವುದಿಲ್ಲ. ಈ ಎರಡು ಪಂಥಗಳ ನಡುವೆ ಹೆಣ್ಣು ಕೊಟ್ಟು ತರುವ ವಹಿವಾಟು ಇನ್ನೂ ನಿಂತಿಲ್ಲವೆಂಬುದೇ ಸಮಾಧಾನ.

ಈಗ ಮುಖ್ಯ ವಾದಕ್ಕೆ ಬರೋಣ. ಎಲ್ಲ ಭಾಗ ಬದಲಾದ ಜೀಪು ಅದೇ ಜೀಪೋ, ಬೇರೆಯದೋ? ‘ಮಿಲಿಂದ ಪ್ರಶ್ನೆ’ಯಲ್ಲಿ ಭಿಕ್ಷು ನಾಗಸೇನ ಯವನ ದೊರೆಗೆ ಇದನ್ನೇ ರಥದ ನೆಪದಲ್ಲಿ ಕೇಳುತ್ತಾನೆ: ಅಚ್ಚು ರಥವೇ, ಗಾಲಿ ರಥವೇ, ನೊಗ ರಥವೇ? ಯಾವುದೂ ಅಲ್ಲ, ಅವೆಲ್ಲ ಕೂಡಿದಾಗ ನಾವಿಡುವ ಹೆಸರಷ್ಟೇ ರಥ. ಈ ಉತ್ತರ ದೊರೆಗೆ ಸಾಕಾಯಿತು. ಮಮದಾಪುರಕ್ಕೆ ಸಾಲದು. ಏಕೆಂದರೆ ದೊರೆಯ ರಥದ ಭಾಗಗಳು ಕಡೇಪಕ್ಷ ಒಂದೇ ಕಡೆ ಇದ್ದವು. ನಮ್ಮ ಜೀಪಿನ ಹೆಡ್ಡು ಬೆಳಗಾವಿಯ ಲೇಥಿನಲ್ಲಿ, ಕ್ರೌನ್ ಪಿನಿಯನ್ ಕೊಲ್ಲಾಪುರದಲ್ಲಿ, ರೇಡಿಯೇಟರ್ ಘಟಪ್ರಭಾದ ಬೆಸುಗೆಯವನ ಹತ್ತಿರ, ಸೀಟು ಪಡಸಾಲೆಯಲ್ಲಿ ಅಜ್ಜನ ಕೆಳಗೆ. ಇಂಥ ಸ್ಥಿತಿಯಲ್ಲಿ ‘ಜೀಪು’ ಎಂಬ ಹೆಸರು ಯಾವುದನ್ನು ಹಿಡಿದು ನಿಲ್ಲಬೇಕು? ಕಟ್ಟೆಯ ವಿದ್ವತ್ ಗೋಷ್ಠಿಯಲ್ಲಿ ಈ ಚರ್ಚೆ ಹೀಗೆ ಸಾಗುತ್ತದೆ.

“ಎಂಜಿನ್ ಬದಲಿ ಆತು, ಬಾಡಿ ಬದಲಿ ಆತು, ಹೌಸಿಂಗ್‌ಸುದ್ದಾ ಬ್ಯಾರೆ. ಇದು ನಿಮ್ಮಪ್ಪನ ಜೀಪ ಹೆಂಗ ಆಕ್ಕೈತೋ ತಮ್ಮಾ?”

“ನಂಬರ ಅದ ಐತಲ್ರಿ ಕಾಕಾ.”

“ನಂಬರ ಪ್ಲೇಟ್‌ಸುದ್ದಾ ಹೋದ ವರ್ಷ ಹೊಸಾದು ಬಡಿಸೀಯಲ್ಲೋ!”

ನಾಗಸೇನನಿಗೂ ಈ ಮಾತಿಗೆ ಉತ್ತರ ಕಷ್ಟವಾಗುತ್ತಿತ್ತು. ಆದರೆ ಸರಕಾರ ಹೆದರಲಿಲ್ಲ. 2021ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು ‘ವಿಂಟೇಜ್’ ವಾಹನದ ಲಕ್ಷಣ ಹೇಳಿಬಿಟ್ಟಿತು: 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರಬೇಕು. ಹೊಸದಾಗಿ ನೋಂದಣಿಗೆ 20,000 ರೂಪಾಯಿ, 10 ವರ್ಷಕ್ಕೊಮ್ಮೆ ಮರುನೋಂದಣಿಗೆ 5,000. ನಂಬರಿನ ನಡುವೆ ‘ವಿಎ’ ಎಂಬ ಬೀಜಾಕ್ಷರ. ಐವತ್ತು ವರ್ಷ ಓಡಿಯೂ ಎಂಜಿನ್ ಮುಟ್ಟದ ಜೀಪು ಈ ಸೀಮೆಯಲ್ಲಿದ್ದರೆ ಅದು ಓಡಿಲ್ಲವೆಂದೇ ಅರ್ಥ. ಪೆಟ್ರೋಲ್ ತುಟ್ಟಿಯಾದಾಗ ಡೀಸೆಲ್ ಎಂಜಿನ್ ಕೂರಿಸಿದ್ದು ಜೀವ ಉಳಿಸಲಿಕ್ಕೆ. ಜೀವ ಉಳಿದದ್ದೇ ಈಗ ಅನರ್ಹತೆ.

ಅದೇ ನಿಯಮದ ಇನ್ನೊಂದು ವಿಧಿ ಮಾತ್ರ ಬಹಳ ಕರುಣೆಯಿಂದ ಕೂಡಿದೆ. ವಿಂಟೇಜ್ ವಾಹನವನ್ನು ದಿನನಿತ್ಯ ರಸ್ತೆಗೆ ತರುವಂತಿಲ್ಲ. ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ‍್ಯಾಲಿ, ಇಂಧನ ತುಂಬಿಸುವುದು, ದುರಸ್ತಿ ಇಂಥ ಕಾರಣಕ್ಕೆ ತರಬಹುದು. ನಮ್ಮ ಜೀಪು ದುರಸ್ತಿಗಲ್ಲದೆ ಬೇರೆ ಕಾರಣಕ್ಕೆ ಮನೆ ಬಿಟ್ಟ ಉದಾಹರಣೆಯೇ ಇಲ್ಲ. ಮಮದಾಪುರದಿಂದ ಗೋಕಾಕಕ್ಕೆ ಹೋಗಿ ಬಂದರೆ ಅದೇ ತಾಂತ್ರಿಕ ಸಂಶೋಧನೆ. ಬರುವಾಗ ಕರದಂಟು ತಂದರೆ ಅದು ಸಂಶೋಧನೆಯ ಫಲಿತಾಂಶ.

ಜ್ಞಾನ ಯಾವುದರಿಂದ ಸಿಗುತ್ತದೆ ಎಂಬುದು ಪ್ರಮಾಣ ವಿಚಾರ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯುಂಟು ಎಂದು ತಾರ್ಕಿಕರು ಸಾವಿರಾರು ವರ್ಷ ಪಾಠ ಹೇಳಿದರು. ಅವರು ಯಾರೂ ಜೀಪು ಚಾಲೂ ಮಾಡಿದವರಲ್ಲ. ಇಲ್ಲಿ ಬೆಂಕಿ ಹೊತ್ತದಿದ್ದರೂ ಹೊಗೆ ಧಾರಾಳ, ಮತ್ತು ಅದರಲ್ಲಿ ಮೂರು ವರ್ಣ. ನೀಲಿ ಹೊಗೆಯಾದರೆ ಪಿಸ್ಟನ್ ರಿಂಗು ಸವೆದು ಆಯಿಲ್ ಮೇಲೇರಿ ಸುಡುತ್ತಿದೆ. ಕಪ್ಪಾದರೆ ಕಾರ್ಬೊರೇಟರ್ ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ಬಿಡುತ್ತಿದೆ. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಹಾರಿ ನೀರು ಒಳಗಿಳಿದಿದೆ. ಮೂರೂ ಒಟ್ಟಿಗೆ ಬಂದರೆ ಮಾಲೀಕ ಮನೆ ಕಡೆ ನೋಡುತ್ತಾನೆ, ಮಿಸ್ತ್ರಿ ಆಕಾಶ ನೋಡುತ್ತಾನೆ.

ಮಂತ್ರಭಾಗ ಚಿಕ್ಕದು: ಒಂದು, ಮೂರು, ನಾಲ್ಕು, ಎರಡು. ನಾಲ್ಕು ಸಿಲಿಂಡರುಗಳು ಹೊತ್ತಿಕೊಳ್ಳುವ ಕ್ರಮ ಇದು. ಪ್ಲಗ್ಗಿನ ವೈರು ಬಿಚ್ಚಿ ಒರೆಸಿ, ‘ಒಂದು ಎರಡು ಮೂರು ನಾಲ್ಕು’ ಎಂದು ಶಾಲೆಯಲ್ಲಿ ಕಲಿತಂತೆ ಹಾಕಿದ ಅಳಿಯಂದಿರು ಊರಿಗೊಬ್ಬರು ಇದ್ದೇ ಇರುತ್ತಾರೆ. ಸೈಲೆನ್ಸರಿನಿಂದ ಢಂ ಎಂಬ ಸದ್ದು ಬಂದು ಎಮ್ಮೆ ಕಣ್ಣಿ ಹರಿದುಕೊಂಡು ಓಡಿದಾಗಲೇ ಕ್ರಮದೋಷ ಎಲ್ಲರಿಗೂ ತಿಳಿಯುವುದು. ಹ್ಯಾಂಡ್‌ಬ್ರೇಕಿನ ಬಗ್ಗೆ ಒಂದೇ ಸೂತ್ರ ಸಾಕು. ಅದು ಗಾಲಿಯನ್ನು ಹಿಡಿಯುವುದಿಲ್ಲ, ಹಿಂದಕ್ಕೆ ಹೋಗುವ ಶಾಫ್ಟನ್ನು ಹಿಡಿಯುತ್ತದೆ. ಆದ್ದರಿಂದ ಹ್ಯಾಂಡ್‌ಬ್ರೇಕ್ ಭಕ್ತಿ, ಗಾಲಿಗೆ ಕೊಟ್ಟ ಕಲ್ಲು ಜ್ಞಾನ.

ತೀರ್ಥಯಾತ್ರಾ ಪ್ರಕರಣದಲ್ಲಿ ಹುಕ್ಕೇರಿ, ಸಂಕೇಶ್ವರ, ನಿಪ್ಪಾಣಿ ಮಾರ್ಗವಾಗಿ ಕೊಲ್ಲಾಪುರ ತಲುಪುವ ಕ್ರಮ ಹೇಳಿದೆ. ಮನೆಯಲ್ಲಿ ಇದನ್ನು ಅಂಬಾಬಾಯಿಯ ದರ್ಶನವೆಂದೇ ಹೇಳಬೇಕು. ಸುಳ್ಳೇನಲ್ಲ, ಎರಕದ ಭಟ್ಟಿಗಳ ಆ ಊರಿನಲ್ಲಿ ಬೇಕಾದ ಬುಶ್ ಸಿಕ್ಕರೆ ಮಾಲೀಕ ತಾನಾಗಿಯೇ ಗುಡಿಗೆ ಹೋಗುತ್ತಾನೆ. ಕಾಲಮಾನದ ಮೂಲಮಾನ ‘ಸೋಮವಾರ’. “ಮಿಸ್ತ್ರಿ, ಯಾವಾಗ ಆಕ್ಕೈತಿ?” ಎಂದರೆ “ಸೋಮವಾರ ಬರ್ರಿ ಗೌಡ್ರ” ಎಂಬ ಉತ್ತರ ನಿತ್ಯ, ಅಪೌರುಷೇಯ. ಯಾವ ಸೋಮವಾರ ಎಂದು ಕೇಳುವುದು ಶ್ರದ್ಧೆಯ ಕೊರತೆ.

ಕಡೆಯದು ದಾಯಭಾಗ. ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರ ಬರೆದ ‘ಮಿತಾಕ್ಷರ’ದ ಪ್ರಕಾರ ಪಿತ್ರಾರ್ಜಿತದ ಮೇಲೆ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಕರ್ನಾಟಕದಲ್ಲಿ 1994ರಿಂದ ಮಗಳಿಗೂ ಉಂಟು. ಹೊಲ ಮನೆಯ ವಾಟ್ನಿಯಲ್ಲಿ ಈ ಹಕ್ಕಿಗಾಗಿ ಕೋರ್ಟು ಹತ್ತುವ ಅಣ್ಣತಮ್ಮಂದಿರು ಜೀಪಿನ ಪಾಳಿ ಬಂದ ಕೂಡಲೇ ತ್ಯಾಗಮೂರ್ತಿಗಳಾಗುತ್ತಾರೆ. “ನೀ ತಗೋ ಅಣ್ಣಾ”, “ಛೇ, ಸಣ್ಣಾಂವ ನೀ, ನೀನ ತಗೋ”, ಕಡೆಗೆ ಇಬ್ಬರೂ ಕೂಡಿ, “ಅಕ್ಕಾ, ಅಪ್ಪನ ನೆನಪು, ನೀನರೆ ಒಯ್ಯಿ.” ಅಕ್ಕ ಜಾಣೆ. ಜೀಪು ನಿಂತ ಜಾಗ ಸಾಕು ಎನ್ನುತ್ತಾಳೆ. ತಂದೆಯ ಸಾಲ ತೀರಿಸುವುದು ಮಗನ ಧರ್ಮ ಎಂಬ ಹಳೆಯ ನ್ಯಾಯವನ್ನು 2005ರ ತಿದ್ದುಪಡಿ ಅಲ್ಲಿಂದೀಚಿನ ಸಾಲಗಳ ಮಟ್ಟಿಗೆ ತೆಗೆದುಹಾಕಿದೆ. ಮಿಸ್ತ್ರಿಗೆ ಈ ಸಂಗತಿಯನ್ನು ಯಾರೂ ತಿಳಿಸಿಲ್ಲ.

ಇಲ್ಲೊಂದು ಸೂಕ್ಷ್ಮ ಉಳಿಯುತ್ತದೆ. ಎಂಜಿನ್ ಇಳಿಸಿದ, ಕುಂಬಳಬಳ್ಳಿ ಹಬ್ಬಿದ, ಗಾಲಿ ಅರ್ಧ ಮಣ್ಣಿನಲ್ಲಿರುವ ಜೀಪು ಚರಾಸ್ತಿಯೋ ಸ್ಥಿರಾಸ್ತಿಯೋ? ಸ್ಥಿರಾಸ್ತಿ ಎಂದಾದರೆ 1963ರ ಕಾಲಮಿತಿ ಕಾಯ್ದೆ ಅಡ್ಡ ಬರುತ್ತದೆ: ಮಾಲೀಕ ತಕರಾರು ಎತ್ತದೆ 12 ವರ್ಷ ಸುಮ್ಮನಿದ್ದರೆ, ತನ್ನದೆಂದು ಬಹಿರಂಗವಾಗಿ ಇಟ್ಟುಕೊಂಡವನದೇ ಆಸ್ತಿ. ಜೀಪು ಇರುವುದು ಮಿಸ್ತ್ರಿಯ ಅಂಗಳದಲ್ಲಿ. ಕುಂಬಳಕಾಯಿಯನ್ನು ಅವನು ಆಗಲೇ ಬಹಿರಂಗವಾಗಿ ಕೊಯ್ದುಕೊಳ್ಳುತ್ತಿದ್ದಾನೆ. ಆದ್ದರಿಂದ ಪ್ರತಿ ವರ್ಷ ಮಹಾನವಮಿಯ ಖಂಡೇ ಪೂಜೆಯ ದಿನ ಮನೆಮಂದಿಯೆಲ್ಲ ಗ್ಯಾರೇಜಿಗೆ ಹೋಗಿ, ನಿಂಬೆಹಣ್ಣು ಇಟ್ಟು, ತೆಂಗಿನಕಾಯಿ ಒಡೆದು, ನಾಲ್ಕು ಜನ ಸಾಕ್ಷಿಯಾಗಿ ಜೀಪನ್ನು ಎರಡು ಮೊಳ ಮುಂದಕ್ಕೆ ನೂಕಿ ಬರತಕ್ಕದ್ದು. ಮುಂದಿನ ವರ್ಷ ಎರಡು ಮೊಳ ಹಿಂದಕ್ಕೆ.